ಕಟ್ಟಡ ಚೆನ್ನಾಗಿದೆ, ಅಮ್ಮನ ಬೆನ್ನಿಗೆ ಹುಣ್ಣೇಕೆ? – ಹಿರಿಯರ ಆರೈಕೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಾಯಿಗೆ 82 ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಎದ್ದು ಓಡಾಡಲಾಗದೆ ಹಾಸಿಗೆ ಹಿಡಿದಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅವರನ್ನು ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೇವೆ. ಕಟ್ಟಡ ಹೊಸದು, ಕೋಣೆಗಳು ಸ್ವಚ್ಛವಾಗಿವೆ. ಆದರೂ ಅವರ ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಗಿದೆ. ಕೇಳಿದರೆ, ಈ ವಯಸ್ಸಿನಲ್ಲಿ ಇದೆಲ್ಲ ಸಹಜ ಎನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಆ ಮಾತನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ. ಬೆಡ್‌ಸೋರ್ ಎಂದು ಎಲ್ಲರೂ ಕರೆಯುವ ಈ ಹುಣ್ಣು ವಯಸ್ಸಿನಿಂದ ಬರುವ ಕಾಯಿಲೆಯಲ್ಲ. ಮೈಯ ಭಾರವೆಲ್ಲ ಒಂದೇ ಕಡೆ ಬಹಳ ಹೊತ್ತು ಬಿದ್ದು, ಅಲ್ಲಿನ ಸಣ್ಣ ರಕ್ತನಾಳಗಳು ಒತ್ತಿಹೋಗಿ, ರಕ್ತವಿಲ್ಲದೆ ಚರ್ಮವೂ ಒಳಗಿನ ಮಾಂಸವೂ ಸಾಯುವುದರಿಂದ ಅದು ಆಗುತ್ತದೆ. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ – ಇವು ಮೊದಲು ಕೆಡುವ ಜಾಗಗಳು. ಕೊನೆಯ ದಿನಗಳಲ್ಲಿರುವ ಕೆಲವರಿಗೆ ಎಷ್ಟು ಎಚ್ಚರ ವಹಿಸಿದರೂ ಹುಣ್ಣಾಗುವುದುಂಟು ಎಂಬುದು ನಿಜ. ಆದರೆ ಹೆಚ್ಚಿನವರ ವಿಷಯದಲ್ಲಿ ಅದನ್ನು ತಡೆಯಬಹುದು, ಆರಂಭದಲ್ಲೇ ಕಂಡರೆ ವಾಸಿಯನ್ನೂ ಮಾಡಬಹುದು.

ತಡೆಯುವ ಕೆಲಸ ದುಬಾರಿಯದಲ್ಲ, ಬೇಸರದ್ದು. ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ಓರೆ ಮಾಡಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಒದ್ದೆಯಾದ ಡೈಪರನ್ನು ಗಂಟೆಗಟ್ಟಲೆ ಹಾಗೆಯೇ ಬಿಡಬಾರದು. ಕೆಂಪಾದ ಜಾಗವನ್ನು ತಿಕ್ಕುವುದಾಗಲಿ, ನಡುವೆ ತೂತಿರುವ ರಬ್ಬರ್ ಬಳೆಯ ಮೇಲೆ ಕೂರಿಸುವುದಾಗಲಿ ಒಳ್ಳೆಯದಲ್ಲ. ಅದರಿಂದ ಹಾನಿಯೇ ಹೆಚ್ಚು. ಏರ್ ಬೆಡ್ ಹಾಕಿದ್ದೇವಲ್ಲ ಎಂದು ಕೇಂದ್ರದವರು ಹೇಳಬಹುದು. ಏರ್ ಬೆಡ್ ಸಹಾಯಕ್ಕೆ ಬರುತ್ತದೆ, ಆದರೆ ಮಗ್ಗುಲು ಬದಲಿಸುವ ಕೈಗಳ ಕೆಲಸವನ್ನು ಅದು ಮಾಡುವುದಿಲ್ಲ.

ಮುಂದಿನ ಸಲ ಹೋದಾಗ ಮಗ್ಗುಲು ಬದಲಿಸಿದ ಚಾರ್ಟನ್ನು ಕೇಳಿ ನೋಡಿ. ಇಡೀ ದಿನದ ಹನ್ನೆರಡು ಮನೆಗಳೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಓಟದಲ್ಲಿ ತುಂಬಿದ್ದರೆ ಅದು ಕೆಲಸದ ದಾಖಲೆಯಲ್ಲ, ಪಾಳಿ ಮುಗಿಯುವಾಗ ಕುಳಿತು ಬರೆದದ್ದು ಎಂದು ಸಂಶಯಪಡಲು ಕಾರಣವಿದೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಪಾಳಿಯಲ್ಲಿ ಎಷ್ಟು ಹಾಸಿಗೆಗೆ ಎಷ್ಟು ಮಂದಿ ಮಾವಶಿಯರು, ಅಂದರೆ ಆರೈಕೆಯ ಸಹಾಯಕಿಯರು, ಇದ್ದಾರೆ ಎಂದು ಕೇಳಿ. ಮೇಲೇಳಲಾಗದ ದೊಡ್ಡವರನ್ನು ಚರ್ಮ ಉಜ್ಜದಂತೆ ಎತ್ತಿ ಸರಿಸಲು ಇಬ್ಬರು ಬೇಕು. ಇಡೀ ಮಹಡಿಗೆ ಒಬ್ಬಳೇ ಇದ್ದರೆ ಅವಳು ಎಷ್ಟೇ ಒಳ್ಳೆಯವಳಾದರೂ ಆ ಕೆಲಸ ಆಗುವುದಿಲ್ಲ. ನೀವು ಸಿಟ್ಟಾಗಬೇಕಾದದ್ದು ಅವಳ ಮೇಲಲ್ಲ, ಒಬ್ಬಳನ್ನೇ ಇಟ್ಟವರ ಮೇಲೆ.

ಮೈತೂಕವನ್ನೂ ತಿಂಗಳಿಗೊಮ್ಮೆ ಬರೆದಿಡಲು ಹೇಳಿ. ಒಂದು ತಿಂಗಳಲ್ಲಿ ಶೇ. 5ರಷ್ಟು ಅಥವಾ ಆರು ತಿಂಗಳಲ್ಲಿ ಶೇ. 10ರಷ್ಟು ತೂಕ ಇಳಿದರೆ ಅದನ್ನು ಗಂಭೀರವೆಂದೇ ಎಣಿಸಬೇಕು. ಪ್ರೋಟೀನ್ ಸಾಲದ ಮೈಯಲ್ಲಿ ಹುಣ್ಣು ಮಾಗುವುದಿಲ್ಲ. ತಟ್ಟೆ ಬಂತೇ ಎಂದು ಕೇಳಿದರೆ ಸಾಲದು, ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಕೇಳಬೇಕು. ಸದ್ಯ ಆಗಿರುವ ಹುಣ್ಣನ್ನು ಈ ವಾರವೇ ವೈದ್ಯರಿಗೆ ತೋರಿಸಿ. ವಾಸನೆ, ಕೀವು, ಜ್ವರ ಅಥವಾ ಕಪ್ಪಾದ ಚರ್ಮ ಕಂಡರೆ ಅದೇ ದಿನ ತೋರಿಸಬೇಕು. ಉಳಿದ ಜಾಗಗಳನ್ನು ನೀವೇ ಪರೀಕ್ಷಿಸಿ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚಿಕೊಳ್ಳದ ಕೆಂಪು ಮೊದಲ ಸೂಚನೆ. ನಮ್ಮಲ್ಲಿ ಅನೇಕರ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕಾಗುತ್ತದೆ.

ಪ್ರಶ್ನೆ: ಮರೆವಿನ ಕಾಯಿಲೆಯಿರುವ ನಮ್ಮ ತಂದೆ ರಾತ್ರಿ ಎದ್ದು ಓಡಾಡುತ್ತಾರೆಂದು ಅವರ ಕೈಗಳನ್ನು ಮಂಚಕ್ಕೆ ಕಟ್ಟಿ, ನಿದ್ರೆಯ ಮಾತ್ರೆ ಕೊಡುತ್ತಿದ್ದಾರೆ. ಬಿದ್ದರೆ ನಾವು ಹೊಣೆಯಲ್ಲ ಎಂದು ನಮ್ಮಿಂದ ಸಹಿಯನ್ನೂ ಕೇಳಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಹಿ ಹಾಕುವ ಮುನ್ನ, ಅವರು ಏಕೆ ಏಳುತ್ತಾರೆ ಎಂಬುದನ್ನು ಯಾರಾದರೂ ವಿಚಾರಿಸಿದ್ದಾರೆಯೇ ಎಂದು ಕೇಳಿ. ಮೂತ್ರಕ್ಕೆ ಅವಸರವಾಗಿರಬಹುದು, ಮಲಬದ್ಧತೆ ಇರಬಹುದು, ಮಂಡಿನೋವು ಇರಬಹುದು, ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸಿ ರಾತ್ರಿ ನಿದ್ರೆ ಬಾರದಿರಬಹುದು. ಇದ್ದಕ್ಕಿದ್ದಂತೆ ಗಲಿಬಿಲಿ ಹೆಚ್ಚಿದ್ದರೆ ಮೂತ್ರದ ಸೋಂಕು ಅಥವಾ ಬೇರೆ ಕಾಯಿಲೆ ಇದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಂಚ ತಗ್ಗಿಸಿ, ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪವಿಟ್ಟು, ಮಲಗುವ ಮುನ್ನ ಮತ್ತು ಅವರು ಏಳುವ ಹೊತ್ತಿಗೆ ಸ್ವಲ್ಪ ಮೊದಲು ಶೌಚಕ್ಕೆ ಕರೆದೊಯ್ದರೆ ಓಡಾಟ ಎಷ್ಟೋ ಕಡಿಮೆಯಾಗುತ್ತದೆ. ಕಟ್ಟಿಹಾಕುವುದರಿಂದ ಸ್ನಾಯುಗಳು ಸೋಲುತ್ತವೆ, ಹುಣ್ಣಾಗುತ್ತದೆ, ರೋಷ ಹೆಚ್ಚುತ್ತದೆ. ಬಿಡಿಸಿಕೊಳ್ಳಲು ಹೆಣಗಿ ಜೀವಕ್ಕೆ ಅಪಾಯವಾದದ್ದೂ ಉಂಟು.

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿಯೂ ಒಂದು ಕಾಲಕ್ಕೆ ಇದು ನಿತ್ಯದ ರೂಢಿಯಾಗಿತ್ತು. 1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ಸಮಿತಿ ಆರೈಕೆಯ ಗುಣಮಟ್ಟದ ಬಗ್ಗೆ ವರದಿ ಕೊಟ್ಟಿತು. 1987ರ ಕಾಯ್ದೆಯು ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ನಿವಾಸಿಗಳನ್ನು ಕಟ್ಟುವುದನ್ನೂ ಔಷಧಿ ಕೊಟ್ಟು ಮಂಕಾಗಿಸುವುದನ್ನೂ ನಿಷೇಧಿಸಿತು. ಆ ಬಳಿಕ ಕಟ್ಟುವ ರೂಢಿ ಬಹಳ ಇಳಿಯಿತು. ಅಂದರೆ ಕಟ್ಟದೆಯೂ ನೋಡಿಕೊಳ್ಳಬಹುದು ಎಂಬುದಕ್ಕೆ ಆಧಾರವಿದೆ.

ಮಾತ್ರೆಯ ಹೆಸರೇನು, ಬರೆದ ವೈದ್ಯರು ಯಾರು, ಯಾವ ಕಾರಣಕ್ಕೆ, ಯಾವಾಗ ನಿಲ್ಲಿಸುತ್ತಾರೆ – ಇವನ್ನು ಲಿಖಿತವಾಗಿ ಕೇಳಿ. ಮರೆವಿನ ಕಾಯಿಲೆಯ ವೃದ್ಧರಿಗೆ ಆಂಟಿಸೈಕೋಟಿಕ್ ಗುಂಪಿನ (ತೀವ್ರ ಮನೋರೋಗಕ್ಕೆ ಕೊಡುವ) ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.

ಪ್ರಶ್ನೆ: ಹೇಳಿದರೂ ಕೇಳದಿದ್ದರೆ ದೂರು ಯಾರಿಗೆ?
– ಓದುಗರೊಬ್ಬರು, ವಾಶಿ

ಉತ್ತರ: ಮೊದಲು ದಿನಾಂಕ ಹಾಕಿ ಬರವಣಿಗೆಯಲ್ಲಿ ವ್ಯವಸ್ಥಾಪಕರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ಚಿಕಿತ್ಸೆ ಕೊಡುವ ನರ್ಸಿಂಗ್ ಹೋಮ್ ಆದರೆ ಮಹಾರಾಷ್ಟ್ರದ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯ ಕೆಳಗೆ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು. ವೃದ್ಧಾಶ್ರಮಗಳಲ್ಲಿ ಅನೇಕವು ಟ್ರಸ್ಟ್ ಎಂದಷ್ಟೇ ನೋಂದಾಯಿಸಿಕೊಂಡಿರುವುದರಿಂದ, ಯಾವ ನೋಂದಣಿ ಎಂದು ಸೇರಿಸುವ ಮುನ್ನವೇ ಕೇಳುವುದು ಒಳ್ಳೆಯದು. ಹಣ ಕೊಟ್ಟು ಪಡೆಯುವ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಜಿಲ್ಲಾ ಆಯೋಗದ ಬಾಗಿಲು ತೆರೆದಿದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಪ್ರಶ್ನೆ: ನಮ್ಮ ಕನ್ನಡ ಬಳಗ ಇಲ್ಲಿನ ವೃದ್ಧಾಶ್ರಮವೊಂದಕ್ಕೆ ಹಣ್ಣು, ಬಿಸ್ಕತ್ತು ಕೊಟ್ಟು ಬರುತ್ತದೆ. ಇನ್ನೂ ಉಪಯೋಗವಾಗುವುದೇನಾದರೂ ಇದೆಯೇ?
– ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಇದೆ. ಮರೆವು ಹೆಚ್ಚಿದಂತೆ ನಡುವೆ ಕಲಿತ ಹಿಂದಿ, ಕೊಂಕಣಿ, ಇಂಗ್ಲಿಷ್‌ಗಳು ಅನೇಕರಿಗೆ ಮೊದಲು ಕೈಬಿಡುತ್ತವೆ, ತಾಯಿನುಡಿ ಉಳಿಯುತ್ತದೆ. ಆಗ 'ಉಚ್ಚೆ ಬಂದಿದೆ' ಎಂದು ಕನ್ನಡದಲ್ಲಿ ಕೂಗುವ ಅಜ್ಜಿಯ ಮಾತು ಪಾಳಿಯಲ್ಲಿರುವವಳಿಗೆ ಬರೀ ಗಲಾಟೆಯಾಗಿ ಕೇಳಿಸುತ್ತದೆ. ಅಲ್ಲಿ ಎಷ್ಟು ಜನ ಕನ್ನಡಿಗರಿದ್ದಾರೆಂದು ವಿಚಾರಿಸಿ. ನೀರು, ನೋವು, ಹಸಿವು, ಚಳಿ, ಉಚ್ಚೆ, ಸಾಕು ಎಂಬ ಮಾತುಗಳನ್ನು ಆರೈಕೆಯವರು ಓದಬಲ್ಲ ಲಿಪಿಯಲ್ಲಿ, ಅರ್ಥಸಹಿತ ದಪ್ಪಕ್ಷರದಲ್ಲಿ ಬರೆದು ಮಂಚದ ತಲೆಯ ಕಡೆ ಅಂಟಿಸಿ. ಅವರು ಏನು ತಿನ್ನುತ್ತಿದ್ದರು, ಯಾವ ಹೆಸರಿನಿಂದ ಕರೆದರೆ ತಿರುಗುತ್ತಾರೆ ಎಂಬುದನ್ನು ಮನೆಯವರಿಂದ ಕೇಳಿ ಅದರ ಜೊತೆಗೇ ಬರೆಯಿರಿ. ಭಾನುವಾರ ಒಟ್ಟಾಗಿ ಹೋಗಿ ಫೋಟೊ ತೆಗೆಸಿಕೊಳ್ಳುವುದರ ಬದಲು, ಸಂಸ್ಥೆಯ ಒಪ್ಪಿಗೆ ಪಡೆದು, ಇಬ್ಬಿಬ್ಬರಂತೆ ವಾರದ ಬೇರೆ ಬೇರೆ ದಿನ ಊಟದ ಹೊತ್ತಿಗೆ ಹೋಗಿ. ಒಬ್ಬ ಅಶಕ್ತರಿಗೆ ಆತುರವಿಲ್ಲದೆ ಉಣಿಸಲು ಅರ್ಧ ಗಂಟೆಯಾದರೂ ಬೇಕು, ಸಿಬ್ಬಂದಿಗೆ ಆ ಪುರುಸೊತ್ತು ಸಿಗುವುದಿಲ್ಲ. ನುಂಗಲು ಕಷ್ಟಪಡುವವರು ಯಾರು, ಅವರಿಗೆ ಏನನ್ನು ಕೊಡಬಾರದು ಎಂದು ಅಲ್ಲಿನ ನರ್ಸ್‌ ಅವರಲ್ಲಿ ಮೊದಲೇ ಕೇಳಿಕೊಂಡು, ಅವರನ್ನು ನೆಟ್ಟಗೆ ಕೂರಿಸಿದ ಮೇಲೆಯೇ ತುತ್ತು ಕೊಡಿ.