ಕಚೇರಿಯಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಐರೋಳಿಯ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಮಹಡಿಗೆ ಇಬ್ಬರಂತೆ ‘ಮೆಂಟಲ್ ಹೆಲ್ತ್ ಫಸ್ಟ್ ಏಡರ್’ ತರಬೇತಿಗೆ ಜನರನ್ನು ಆರಿಸುತ್ತಿದ್ದಾರೆ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ತಮ್ಮ ತಾಪತ್ರಯಗಳನ್ನು ನನ್ನ ಹತ್ತಿರ ಹೇಳಿಕೊಳ್ಳುತ್ತಾರೆಂಬ ಕಾರಣಕ್ಕೆ ಎಚ್‌ಆರ್‌ನವರು ನನ್ನ ಹೆಸರನ್ನು ಸೂಚಿಸಿದ್ದಾರೆ. ನಾನು ಓದಿದ್ದು ಬಿ.ಕಾಂ. ಎರಡು ದಿನಗಳಲ್ಲಿ ಅಲ್ಲಿ ಏನು ಕಲಿಸುತ್ತಾರೆ? ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ನನ್ನ ತಲೆಗೆ ಬರುತ್ತದೆಯೇ? ಮನೆಯಲ್ಲಿ ಯಜಮಾನರು ‘ಊರ ಉಸಾಬರಿ ನಿನಗೇಕೆ’ ಎನ್ನುತ್ತಿದ್ದಾರೆ. – ಓದುಗಿ, ಡೊಂಬಿವಲಿ

ಉತ್ತರ: ಈ ತರಬೇತಿ ಹುಟ್ಟಿದ್ದು 2000ನೇ ಇಸವಿಯಲ್ಲಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. ನರ್ಸ್ ಆಗಿ ದುಡಿದಿದ್ದ, ಸ್ವತಃ ಖಿನ್ನತೆಯನ್ನು ಅನುಭವಿಸಿದ್ದ ಬೆಟ್ಟಿ ಕಿಚನರ್ ಮತ್ತು ಅವರ ಪತಿ, ಸಂಶೋಧಕ ಆಂಥನಿ ಜೋರ್ಮ್, ಗಾಯಕ್ಕೂ ಹೃದಯಾಘಾತಕ್ಕೂ ಪ್ರಥಮ ಚಿಕಿತ್ಸೆ ಕಲಿಸುವ ಸಮಾಜ ಮನಸ್ಸಿನ ತೊಂದರೆಗೆ ಅದನ್ನು ಏಕೆ ಕಲಿಸುವುದಿಲ್ಲ ಎಂದು ಕೇಳಿಕೊಂಡು ಇದನ್ನು ರೂಪಿಸಿದರು. ಇಂದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಇದು ನಡೆಯುತ್ತಿದೆ. ಈಗಿನ ಸಾಮಾನ್ಯ ಪಠ್ಯಕ್ರಮ ಸುಮಾರು 12 ಗಂಟೆಗಳದು. ಅದನ್ನು ಎರಡು ಪೂರ್ಣ ದಿನಗಳಲ್ಲೋ, ಆನ್‌ಲೈನಿನಲ್ಲಿ ಕಂತುಕಂತಾಗಿಯೋ ಮುಗಿಸುತ್ತಾರೆ. ಇದಕ್ಕೆ ಬಿ.ಕಾಂ. ಧಾರಾಳವಾಗಿ ಸಾಕು. ಮನಶ್ಶಾಸ್ತ್ರದ ಪದವಿಯನ್ನು ಯಾರೂ ಕೇಳುವುದಿಲ್ಲ, ಮತ್ತು ತರಬೇತಿ ಮುಗಿದ ಮೇಲೆ ನೀವು ಮನಶ್ಶಾಸ್ತ್ರಜ್ಞೆಯೂ ಆಗುವುದಿಲ್ಲ.

ಅಲ್ಲಿ ಖಿನ್ನತೆ, ಆತಂಕ, ವಾಸ್ತವದ ಅರಿವು ತಪ್ಪುವ ಸೈಕೋಸಿಸ್, ಕುಡಿತ ಮತ್ತು ಮಾದಕ ವಸ್ತುಗಳ ಚಟ ಇವುಗಳ ಲಕ್ಷಣಗಳನ್ನು ಪರಿಚಯಿಸುತ್ತಾರೆ. ಆತ್ಮಹತ್ಯೆಯ ಯೋಚನೆ, ಪ್ಯಾನಿಕ್ ಅಟ್ಯಾಕ್, ಆಘಾತಕಾರಿ ಘಟನೆ ಮುಂತಾದ ತುರ್ತು ಸಂದರ್ಭಗಳಲ್ಲಿ ಮೊದಲ ಕೆಲವು ನಿಮಿಷ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಪಾತ್ರಾಭಿನಯದ ಮೂಲಕ ಅಭ್ಯಾಸ ಮಾಡಿಸುತ್ತಾರೆ. ಎಲ್ಲದರ ಕೆಳಗೂ ಒಂದೇ ಕ್ರಮವಿದೆ: ಹತ್ತಿರ ಹೋಗಿ ಮಾತಾಡಿಸುವುದು ಮತ್ತು ಅಪಾಯವಿದೆಯೇ ಎಂದು ನೋಡುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯವನ್ನೂ ಸರಿಯಾದ ಮಾಹಿತಿಯನ್ನೂ ಕೊಡುವುದು, ವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಪಡೆಯುವಂತೆ ಪ್ರೋತ್ಸಾಹಿಸುವುದು, ಮನೆಯವರು ಮತ್ತು ಗೆಳೆಯರ ಆಸರೆಯನ್ನು ಜೋಡಿಸಿಕೊಡುವುದು. ಓದುವಾಗ ಇದು ಎಲ್ಲರಿಗೂ ಗೊತ್ತಿರುವ ವಿಷಯದಂತೆ ಕಾಣುತ್ತದೆ, ಕಷ್ಟವಿರುವುದು ತೀರ್ಪು ಕೊಡದೆ ಕೇಳಿಸಿಕೊಳ್ಳುವುದರಲ್ಲಿ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ತಿಂಗಳ ಕೊನೆಯ ಲೆಕ್ಕ ಮುಗಿಸುವುದರಲ್ಲಿ ಯಾವತ್ತೂ ಹಿಂದೆ ಬೀಳದ ನಿಮ್ಮ ವಿಭಾಗದ ಒಬ್ಬರು ಈಗೀಗ ಎಂಟ್ರಿಗಳನ್ನು ತಪ್ಪಿಸುತ್ತಿದ್ದಾರೆ, ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುತ್ತಿದ್ದಾರೆ, ಕೇಳಿದರೆ ನಿದ್ದೆಯಿಲ್ಲ ಎನ್ನುತ್ತಾರೆ. ಇಂಥದ್ದು ಎರಡು ವಾರ ಮೀರಿ ನಡೆದು ಕೆಲಸಕ್ಕೂ ಮನೆಗೂ ತೊಡಕಾಗುತ್ತಿದ್ದರೆ ಮಾತಾಡಿಸಲೇಬೇಕು. ‘ನಿಮಗೆ ಡಿಪ್ರೆಷನ್ ಇರಬಹುದು’ ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯಿತು. ‘ಈಚೆಗೆ ನೀವು ಊಟ ಮಾಡದಿರುವುದನ್ನು ಗಮನಿಸಿದೆ, ಹೇಗಿದ್ದೀರಿ?’ ಎಂದು ಕಂಡದ್ದನ್ನು ಮಾತ್ರ ಹೇಳಿ, ಆಮೇಲೆ ಸುಮ್ಮನಿರಬೇಕು. ನಮ್ಮವರಿಗೆ ಸುಮ್ಮನಿರುವುದು ಬಹಳ ಕಷ್ಟ. ಎದುರಿನವರು ಎರಡು ವಾಕ್ಯ ಮುಗಿಸುವಷ್ಟರಲ್ಲಿ ‘ಊರಿಗೆ ಹೋಗಿ ಬನ್ನಿ, ಕುಲದೇವರಿಗೆ ಹಣ್ಣುಕಾಯಿ ಮಾಡಿಸಿ, ಎಲ್ಲ ಸರಿಹೋಗುತ್ತದೆ’ ಎಂಬ ಪರಿಹಾರವನ್ನು ಕೈಗೆ ಕೊಟ್ಟುಬಿಡುತ್ತೇವೆ. ಅವರು ಊರಿಗೂ ಹೋಗಲಿ, ಪೂಜೆಯನ್ನೂ ಮಾಡಿಸಲಿ. ಆದರೆ ಆ ಕ್ಷಣದಲ್ಲಿ ಕೊಟ್ಟ ಪರಿಹಾರ, ನಿಮ್ಮ ಮಾತು ಇನ್ನು ಸಾಕು ಎಂದು ಹೇಳಿದಂತಾಗುತ್ತದೆ. ತರಬೇತಿಯ ಹೆಚ್ಚಿನ ಹೊತ್ತು ಈ ಅಭ್ಯಾಸವನ್ನು ಬಿಡಿಸುವುದಕ್ಕೇ ಹೋಗುತ್ತದೆ ಎಂದರೂ ತಪ್ಪಲ್ಲ.

ಪ್ಯಾನಿಕ್ ಅಟ್ಯಾಕ್ ಬಗ್ಗೆ ಒಂದು ಎಚ್ಚರಿಕೆ. ಎದೆ ಬಿಗಿತ, ಬೆವರು, ಉಸಿರು ಕಟ್ಟಿದಂತಾಗುವುದು ಹೃದಯಾಘಾತದಲ್ಲೂ ಇರುತ್ತವೆ. ಮೊದಲ ಬಾರಿಗೆ ಹೀಗಾಗುತ್ತಿದ್ದರೆ, ಅಥವಾ ನಿಮಗೆ ಸ್ವಲ್ಪವಾದರೂ ಅನುಮಾನವಿದ್ದರೆ, ಅದನ್ನು ಮನಸ್ಸಿನ ಲೆಕ್ಕಕ್ಕೆ ಹಾಕದೆ 108ಕ್ಕೆ ಫೋನ್ ಮಾಡಿ.

ಇನ್ನು ಹೊಣೆಯ ವಿಷಯ. 1948ರ ಕಾರ್ಖಾನೆ ಕಾಯ್ದೆ 150 ಕಾರ್ಮಿಕರಿಗೆ ಕನಿಷ್ಠ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದೂ, ಅದು ಪ್ರಮಾಣಪತ್ರ ಪಡೆದವರ ವಶದಲ್ಲಿರಬೇಕೆಂದೂ ವಿಧಿಸಿತ್ತು. ಮನಸ್ಸಿನ ವಿಷಯದಲ್ಲಿ ಅಂಥ ಕಡ್ಡಾಯ ಹುದ್ದೆ ನಮ್ಮಲ್ಲಿಲ್ಲ. ಕಂಪನಿಗಳು ತಾವಾಗಿ ಮಾಡಿಕೊಂಡಿರುವ ಏರ್ಪಾಡು ಇದು. ಆದ್ದರಿಂದ ನಿಮ್ಮ ಕೆಲಸದ ಎಲ್ಲೆಯನ್ನು ಕಂಪನಿಯಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು: ನೀವು ರೋಗನಿರ್ಣಯ ಮಾಡುವವರಲ್ಲ, ಕೌನ್ಸೆಲಿಂಗ್ ಕೊಡುವವರಲ್ಲ, ದಿನದ 24 ಗಂಟೆಯೂ ಫೋನಿಗೆ ಸಿಗಬೇಕಾದವರಲ್ಲ. ಈ ಕೆಲಸಕ್ಕೆ ಕಚೇರಿಯ ಸಮಯದಲ್ಲಿಯೇ ಬಿಡುವು ಕೊಡುತ್ತಾರೆಯೇ, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಇದೆಯೇ, ನಿಮಗೇ ಭಾರವೆನಿಸಿದಾಗ ಯಾರ ಹತ್ತಿರ ಹೋಗಬೇಕು ಎಂದು ಕೇಳಿ. ಇವಕ್ಕೆ ನೇರ ಉತ್ತರ ಸಿಗದಿದ್ದರೆ, ಗೋಡೆಯ ಮೇಲೆ ನಿಮ್ಮ ಫೋಟೊ ಅಂಟಿಸುವುದಷ್ಟೇ ಕಂಪನಿಯ ಉದ್ದೇಶವೆಂದು ತಿಳಿದು, ಬೇಡವೆಂದರೂ ತಪ್ಪಿಲ್ಲ. ಸಿಕ್ಕರೆ ಒಪ್ಪಿಕೊಳ್ಳಿ. ನಿಮ್ಮ ಯಜಮಾನರಿಗೆ ಹೇಳಬಹುದಾದ ಮಾತೆಂದರೆ, ಜನ ಈಗಾಗಲೇ ನಿಮ್ಮ ಬಳಿಗೆ ಬರುತ್ತಿದ್ದಾರೆ. ತರಬೇತಿಯಿಂದ ಎಲ್ಲಿ ನಿಲ್ಲಬೇಕೆಂಬುದು ಗೊತ್ತಾಗುತ್ತದೆ, ಅಷ್ಟರಮಟ್ಟಿಗೆ ಉಸಾಬರಿ ಕಡಿಮೆಯೇ ಆಗುತ್ತದೆ.

ತರಬೇತಿಗೆ ಮುಂಚೆಯೇ ಕೈಯಲ್ಲಿ ಇರಬೇಕಾದದ್ದು ವಿಳಾಸಗಳ ಪಟ್ಟಿ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ ಈ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಒಪಿಡಿ ಇದೆ, ಕಡಿಮೆ ಶುಲ್ಕದಲ್ಲಿ ಕೇಸ್ ಪೇಪರ್ ಮಾಡಿಸಬಹುದು. ಡೊಂಬಿವಲಿಯ ಕಡೆಯವರಿಗೆ ಠಾಣೆಯ ಪ್ರಾದೇಶಿಕ ಮನೋರುಗ್ಣಾಲಯ ಹತ್ತಿರ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದ್ದು, ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಇನ್ನೊಂದು ಉಪಯುಕ್ತ ಮಾಹಿತಿಯೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಅವಕಾಶ ಕಲ್ಪಿಸಬೇಕು. ನಿಮ್ಮ ಕಚೇರಿಯ ಗುಂಪು ವಿಮೆಯಲ್ಲಿ ಅದು ಎಷ್ಟರಮಟ್ಟಿಗೆ ಇದೆ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಸಯನ್ ಹತ್ತಿರ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಕೆಲಸದ ಹುಡುಗರು ಹೋಟೆಲಿನ ಮೇಲಿನ ಖೋಲಿಯಲ್ಲೇ ಇರುತ್ತಾರೆ. ಕೆಲವರು ಊರಿನವರು, ಹಲವರು ಒಡಿಶಾ ಮತ್ತು ಅಸ್ಸಾಮಿನವರು. ಅವರಲ್ಲಿ ಒಬ್ಬ ಮನೆಯಿಂದ ಫೋನ್ ಬಂದ ಮೇಲೆ ಸರಿಯಾಗಿ ಉಣ್ಣುತ್ತಿಲ್ಲ. ತನ್ನ ಮೊಬೈಲನ್ನೂ ಹೊಸ ಚಪ್ಪಲಿಯನ್ನೂ ಜೊತೆಯವರಿಗೆ ಕೊಟ್ಟುಬಿಟ್ಟು, ‘ಇನ್ನು ನನ್ನಿಂದ ಯಾರಿಗೂ ತೊಂದರೆ ಇಲ್ಲ, ಶೇಟ್ರೇ’ ಎಂದ. ನಮ್ಮಲ್ಲಿ ಎಚ್‌ಆರ್ ಇಲ್ಲ, ಗಲ್ಲೆಯಲ್ಲಿ ಕೂರುವವನೂ ನಾನೇ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಯೇ? ಪೊಲೀಸ್ ಕೇಸ್ ಆಗುತ್ತದೆಯೇ? – ಹೋಟೆಲ್ ಮಾಲೀಕ, ಮುಂಬಯಿ

ಉತ್ತರ: ಇದು ಪತ್ರಿಕೆಯ ಮುಂದಿನ ಸಂಚಿಕೆಗೆ ಕಾಯುವ ಪ್ರಶ್ನೆಯಲ್ಲವಾದ್ದರಿಂದ, ಪತ್ರ ಬಂದ ದಿನವೇ ಸಂಪಾದಕರು ನಿಮಗೆ ಫೋನ್ ಮಾಡಿ ಮಾತಾಡಿದ್ದಾರೆ. ಇಲ್ಲಿ ಬರೆಯುತ್ತಿರುವುದು ಇಂಥದೇ ಸ್ಥಿತಿಯಲ್ಲಿರುವ ಇತರರಿಗಾಗಿ.

ಕೇಳಬೇಕು, ಮತ್ತು ನೇರವಾಗಿ ಕೇಳಬೇಕು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೇಳಿಕೊಳ್ಳಲು ಯಾರೋ ಸಿಕ್ಕರೆಂದು ಎಷ್ಟೋ ಮಂದಿಗೆ ಹಗುರವಾಗುತ್ತದೆ. ಪ್ರೀತಿಯ ವಸ್ತುಗಳನ್ನು ಹಂಚುವುದು, ತಾನು ಇತರರಿಗೆ ಭಾರವೆನ್ನುವುದು, ವಿದಾಯ ಹೇಳುವಂತೆ ಮಾತಾಡುವುದು ಇವೆಲ್ಲ ಅಪಾಯದ ಚಿಹ್ನೆಗಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ‘ಸಾಯಬೇಕೆಂದು ಅನಿಸುತ್ತಿದೆಯೇ?’ ಎಂದು ಸ್ಪಷ್ಟವಾಗಿ ಕೇಳಿ. ಹೌದೆಂದರೆ ಗದರಬೇಡಿ, ಹೆತ್ತವರ ಮುಖ ನೋಡು ಎಂದು ಬುದ್ಧಿಯನ್ನೂ ಹೇಳಬೇಡಿ. ಹೇಗೆ, ಯಾವಾಗ ಎಂದು ಮನಸ್ಸಿನಲ್ಲಿ ನಿರ್ಧರಿಸಿದ್ದಾನೆಯೇ ಎಂದು ತಿಳಿದುಕೊಳ್ಳಿ. ನಿರ್ಧರಿಸಿದ್ದರೆ ಅವನನ್ನು ಒಂಟಿಯಾಗಿ ಬಿಡದೆ, ಅಪಾಯಕ್ಕೆ ಎಡೆಮಾಡುವ ವಸ್ತುಗಳನ್ನು ದೂರವಿರಿಸಿ, ಜೊತೆಯಲ್ಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಯಾರಿಗೂ ಹೇಳುವುದಿಲ್ಲವೆಂಬ ಮಾತನ್ನು ಮಾತ್ರ ಕೊಡಬೇಡಿ. ಭಾಷೆಯ ತೊಡಕಿದ್ದರೆ ಟೆಲಿ ಮಾನಸ್‌ನಲ್ಲಿ ಒಡಿಯಾ, ಅಸ್ಸಾಮಿ ಭಾಷೆಗಳನ್ನೂ ಆಯ್ದುಕೊಳ್ಳಬಹುದು. ಅವನ ಫೋನನ್ನು ಅವನು ಕೊಟ್ಟುಬಿಟ್ಟಿದ್ದರೆ ನಿಮ್ಮದನ್ನು ಕೊಡಿ.

ಕೇಸಿನ ಭಯ ಬೇಡ. 2017ರ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಹೇಳುತ್ತದೆ. ಇಲ್ಲಿ ಪ್ರಯತ್ನವೂ ನಡೆದಿಲ್ಲ. ನೆರವಿಗಾಗಿ ಆಸ್ಪತ್ರೆಗೆ ಹೋಗುವುದರಲ್ಲಿ ಅಪರಾಧವೆಂಬುದೇ ಇಲ್ಲ.

ಹೋಟೆಲಿನಂಥ ಕಡೆ ಯಾರಿಗೆ ತರಬೇತಿ ಕೊಡಿಸಬೇಕೆಂಬುದನ್ನೂ ಯೋಚಿಸಿ. ಸಂಬಳ ಕೊಡುವವರ ಮುಂದೆ ಹುಡುಗರು ಬಾಯಿ ಬಿಡುವುದು ಅಪರೂಪ. ನಿಮ್ಮ ಬಳಿ ಅಷ್ಟು ಹೇಳಿದ್ದೇ ದೊಡ್ಡದು. ಅದೇ ಖೋಲಿಯಲ್ಲಿರುವ ಹಿರಿಯ ಭಟ್ಟರೋ, ಎಲ್ಲರೂ ‘ಅಣ್ಣ’ ಎಂದು ಕರೆಯುವ ಹಳೆಯ ವೇಟರೋ ಹೆಚ್ಚು ಸೂಕ್ತ. ಪೂರ್ತಿ ಪಠ್ಯಕ್ರಮಕ್ಕೆ ಅವರನ್ನು ಕಳುಹಿಸಲಾಗದಿದ್ದರೆ, ಎರಡು ಮೂರು ಹೋಟೆಲಿನವರು ಸೇರಿ ಸಮಾಲೋಚಕರೊಬ್ಬರನ್ನು ಕರೆಸಿ ಮಧ್ಯಾಹ್ನದ ಬಿಡುವಿನಲ್ಲಿ ಮಾತಾಡಿಸಬಹುದು.

ಪ್ರಶ್ನೆ: ಹಿಂಜೆವಾಡಿಯ ಐಟಿ ಕಂಪನಿಯಲ್ಲಿದ್ದೇನೆ. ಕಳೆದ ವರ್ಷ ಈ ತರಬೇತಿ ಪಡೆದೆ. ಈಗ ಅಪ್ರೈಸಲ್ ಸಮಯ. ‘ನಿನ್ನ ಬಳಿ ಯಾರ‍್ಯಾರು ಬಂದಿದ್ದರು?’ ಎಂದು ಮ್ಯಾನೇಜರ್ ಸಹಜವೆಂಬಂತೆ ಕೇಳುತ್ತಾರೆ. ಬಂದವರಲ್ಲಿ ಹೆಚ್ಚಿನವರು ರಾತ್ರಿ ಹನ್ನೊಂದರ ಕಾಲ್‌ಗಳಿಂದ ನಿದ್ದೆಗೆಟ್ಟವರು. ಮ್ಯಾನೇಜರಿಗೆ ನಾನೇನು ಹೇಳಲಿ? – ಓದುಗ, ಪುಣೆ

ಉತ್ತರ: ಹೆಸರು ಹೇಳಬೇಡಿ. ಹೇಳಿದವರ ಒಪ್ಪಿಗೆ ಇದ್ದರೆ, ಅಥವಾ ಅವರ ಇಲ್ಲವೇ ಇತರರ ಜೀವಕ್ಕೆ ಅಪಾಯವಿದ್ದರೆ ಮಾತ್ರ, ಅದೂ ಅಗತ್ಯವಿರುವಷ್ಟನ್ನು ಮಾತ್ರ, ಸಂಬಂಧಪಟ್ಟವರಿಗೆ ತಿಳಿಸಬಹುದು. ಎಷ್ಟು ಜನ ಬಂದರು, ಯಾವ ಬಗೆಯ ತೊಂದರೆ ಹೆಚ್ಚು ಎಂಬಷ್ಟನ್ನು ಹೇಳಬಹುದಾದರೂ, ಎಂಟು ಜನರ ತಂಡದಲ್ಲಿ ಅಷ್ಟು ಹೇಳಿದರೂ ಗುರುತು ಸಿಗುತ್ತದೆಂಬುದನ್ನು ಮರೆಯಬೇಡಿ. ಮ್ಯಾನೇಜರ್ ಒತ್ತಾಯಿಸಿದರೆ, ಈ ಕಾರ್ಯಕ್ರಮದ ಹೊಣೆ ಹೊತ್ತವರಿಂದಲೇ ಗೋಪ್ಯತೆಯ ನಿಯಮವನ್ನು ಇಮೇಲ್‌ನಲ್ಲಿ ಕಳುಹಿಸುವಂತೆ ಕೇಳಿ.

ನಿಮ್ಮ ಎರಡನೆಯ ಮಾತು ಹೆಚ್ಚು ಮುಖ್ಯವಾದದ್ದು. ಒಂದೇ ಕಾರಣಕ್ಕೆ ಹತ್ತು ಜನ ನಿದ್ದೆಗೆಟ್ಟರೆ ಚಿಕಿತ್ಸೆ ಬೇಕಾಗಿರುವುದು ಕೆಲಸದ ವೇಳೆಗೆ. ಸೋರುವ ಮಾಡನ್ನು ಹಾಗೇ ಬಿಟ್ಟು ಕೆಳಗೆ ಬೋಗುಣಿ ಹಿಡಿದು ನಿಲ್ಲಲು ಒಬ್ಬರನ್ನು ನೇಮಿಸಿದಂತಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕೆಲಸದ ಹೊರೆ, ವೇಳೆ ಮುಂತಾದ ಅಪಾಯಗಳನ್ನು ಸಂಸ್ಥೆಯ ಮಟ್ಟದಲ್ಲೇ ತಗ್ಗಿಸಬೇಕೆಂದೂ, ಮ್ಯಾನೇಜರುಗಳಿಗೂ ಈ ಬಗ್ಗೆ ತರಬೇತಿ ಕೊಡಬೇಕೆಂದೂ ಹೇಳುತ್ತದೆ. ಈ ತರಬೇತಿಯ ಮಿತಿಯನ್ನೂ ತಿಳಿದಿರಿ: ತರಬೇತಿ ಪಡೆದವರ ತಿಳಿವಳಿಕೆ ಮತ್ತು ಆತ್ಮವಿಶ್ವಾಸ ಹೆಚ್ಚುತ್ತದೆಂದು ಹಲವು ಅಧ್ಯಯನಗಳು ತೋರಿಸಿದ್ದರೂ, ಅವರಿಂದ ನೆರವು ಪಡೆದವರ ಮಾನಸಿಕ ಆರೋಗ್ಯ ಸುಧಾರಿಸುತ್ತದೆಯೇ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹೇಳಿದೆ. ಕಂಪನಿಯವರು ಇದನ್ನೇ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಮೆರೆಸುವಾಗ ಈ ಮಾತನ್ನು ನೆನಪಿಸಬಹುದು.

ಪ್ರಶ್ನೆ: ವಾಸ್ಕೋದ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ಇಲ್ಲಿ ದುಡಿಯಲು ಬಂದಿರುವ ಉತ್ತರ ಕರ್ನಾಟಕದ ಪಾಲಕರು ಕಷ್ಟ ಹೇಳಿಕೊಂಡು ಶಾಲೆಗೇ ಬರುತ್ತಾರೆ. ವೈದ್ಯರಲ್ಲದವರು ಮಾಡುವ ಸಹಾಯದಿಂದ ನಿಜಕ್ಕೂ ಪ್ರಯೋಜನವಿದೆಯೇ? – ಓದುಗಿ, ಗೋವಾ

ಉತ್ತರ: ಇದೆ, ಮತ್ತು ಅದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಗೋವಾದಲ್ಲೇ ಇದೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಆರಂಭಿಸಿದ ‘ಸಂಗಾತ್’ ಸಂಸ್ಥೆಯ ಮೂಲಕ ಗೋವಾದ 24 ಚಿಕಿತ್ಸಾ ಕೇಂದ್ರಗಳಲ್ಲಿ ಖಿನ್ನತೆ ಮತ್ತು ಆತಂಕ ಇರುವವರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯರನ್ನು ತರಬೇತುಗೊಳಿಸಿ ಸಮಾಲೋಚಕರನ್ನಾಗಿ ಮಾಡಲಾಗಿತ್ತು. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇಂಥವರ ನೆರವು ಪಡೆದವರಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡವರ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತ್ತು. ಖಾಸಗಿ ವೈದ್ಯರ ಚಿಕಿತ್ಸಾಲಯಗಳಲ್ಲಿ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಆ ಸಮಾಲೋಚಕರಿಗೆ ದೊರೆತದ್ದು ಎರಡು ದಿನದ ತರಬೇತಿಯಲ್ಲ, ಮೇಲೆ ಮನೋವೈದ್ಯರ ಉಸ್ತುವಾರಿಯೂ ಇತ್ತು. ನೀವು ಪ್ರಥಮ ಚಿಕಿತ್ಸೆಯ ತರಬೇತಿ ಪಡೆದರೆ ಕೇಳಿಸಿಕೊಂಡು ಮುಂದಕ್ಕೆ ಕಳುಹಿಸುವಷ್ಟು ಸಿದ್ಧರಾಗುತ್ತೀರಿ. ಕಳುಹಿಸಬೇಕಾದ ಜಾಗ ಬಾಂಬೋಳಿಯ ಮನೋವೈದ್ಯಕೀಯ ಮತ್ತು ಮಾನವ ವರ್ತನೆಯ ಸಂಸ್ಥೆ, ಅಂದರೆ ಐಪಿಎಚ್‌ಬಿ; ಸರ್ಕಾರಿ ಆಸ್ಪತ್ರೆ. ದಿನಗೂಲಿಯವರು ಒಂದು ದಿನದ ಸಂಬಳ ಕಳೆದುಕೊಂಡು ಅಲ್ಲಿಗೆ ಹೋಗಬೇಕಾಗುವುದರಿಂದ, ಹೊರಡುವ ಮುಂಚೆ ಒಪಿಡಿ ಇರುವ ದಿನ ಮತ್ತು ಸಮಯವನ್ನು ನೀವೇ ವಿಚಾರಿಸಿ, ಹಳೆಯ ಔಷಧಿ ಚೀಟಿಗಳಿದ್ದರೆ ಜೊತೆಗೆ ಒಯ್ಯುವಂತೆ ಹೇಳಿ ಕಳುಹಿಸಿ.