ಜಿಪಿ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಕೌನ್ಸಿಲ್ ಏನು ಮಾಡಬಹುದು?

ಪ್ರಶ್ನೆ: ನಾವಿರುವುದು ಇಂಗ್ಲೆಂಡ್‌ನಲ್ಲಿ. ಬೆಳಿಗ್ಗೆ 8ಕ್ಕೆ ಜಿಪಿ ಸರ್ಜರಿಗೆ (ಮನೆ ಡಾಕ್ಟರ ಕ್ಲಿನಿಕ್‌ಗೆ) ಫೋನ್ ಮಾಡಿದರೆ, ಲೈನ್ ಸಿಗುವಷ್ಟರಲ್ಲಿ ಅಪಾಯಿಂಟ್‌ಮೆಂಟ್ ಎಲ್ಲ ಖಾಲಿ. ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಸ್ಕ್ರೂಟಿನಿ ಕಮಿಟಿ, ಅಂದರೆ ಆರೋಗ್ಯ ಸೇವೆಗಳನ್ನು ಪರಿಶೀಲಿಸುವ ಕೌನ್ಸಿಲರ್‌ಗಳ ಸಮಿತಿ, ಇದನ್ನು ವಿಚಾರಿಸುತ್ತಿದೆಯಂತೆ. ಪ್ರಯೋಜನ ಇದೆಯಾ?

ಉತ್ತರ: ಖಂಡಿತ ಇದೆ, ಆದರೆ ಮಿತಿಯೂ ಇದೆ. ಜಿಪಿಗಳ ಗುತ್ತಿಗೆ ಇರುವುದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಜೊತೆ, ಕೌನ್ಸಿಲ್ ಜೊತೆ ಅಲ್ಲ. ಹಾಗಾಗಿ ಕಮಿಟಿ ಯಾವ ಸರ್ಜರಿಗೂ ಹುಕುಂ ಕೊಡುವಂತಿಲ್ಲ. ಆದರೆ ನಿಮ್ಮ ಭಾಗದ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ನವರನ್ನು (ಆ ಭಾಗದ ಎನ್‌ಎಚ್‌ಎಸ್ ಸೇವೆಗಳನ್ನು ನೋಡಿಕೊಳ್ಳುವ ಮಂಡಳಿಯವರನ್ನು) ಕರೆಸಿ, ಫೋನ್‌ಗೆ ಎಷ್ಟು ಹೊತ್ತು ಕಾಯಬೇಕು, ಹೊಸ ಮನೆಗಳು ಎದ್ದ ಕಡೆ ಡಾಕ್ಟರು ಸಾಕಷ್ಟಿದ್ದಾರಾ, ಇಂಗ್ಲಿಷ್ ಬಾರದ ಅಜ್ಜಿ ತಾತಂದಿರ ಗತಿ ಏನು ಅಂತ ಎಲ್ಲರೆದುರು ಕೇಳಬಹುದು, ಅವರು ಉತ್ತರ ಕೊಡಲೇಬೇಕು. ಇದು ಸಣ್ಣ ವಿಷಯವಲ್ಲ. ಬರೆದು ಕೊಟ್ಟ ಶಿಫಾರಸಿಗೂ ಉತ್ತರ ಕೇಳುವ ಹಕ್ಕಿದೆ.

ಒಂದು ಮಾತು, 2025ರ ಅಕ್ಟೋಬರ್ 1ರಿಂದ ಸರ್ಜರಿಗಳು ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ, ವಾರದ ದಿನಗಳಲ್ಲಿ, ಆನ್‌ಲೈನ್ ಕೋರಿಕೆ ತೆಗೆದುಕೊಳ್ಳಬೇಕು, ತುರ್ತಲ್ಲದ ವಿಷಯಕ್ಕೆ ಅದನ್ನೇ ಬಳಸಿ. ನಿಮ್ಮೂರಲ್ಲಿ ಅದು ಮಧ್ಯಾಹ್ನಕ್ಕೇ ಮುಚ್ಚುತ್ತಿದ್ದರೆ ಸುಮ್ನೆ ಇರಬೇಡಿ, ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ. ನಿಮ್ಮೊಬ್ಬರದೇ ದೂರಾದರೆ ಕಮಿಟಿ ನೋಡುವುದಿಲ್ಲ, ಅದಕ್ಕೆ ಸರ್ಜರಿಯ ಪ್ರಾಕ್ಟೀಸ್ ಮ್ಯಾನೇಜರ್ ಇಲ್ಲವೇ ಬೋರ್ಡ್ ಹತ್ತಿರ ಹೋಗಿ.