ಟೆನಿಸ್ ರ‍್ಯಾಕೆಟ್ ಅಲ್ಲ, ಹೆಂಗಸರ ಕುಸ್ತಿ

ಪ್ರಶ್ನೆ: ಹಳೇ ಅಮೆರಿಕನ್ ಸಿನಿಮಾಗಳಲ್ಲಿ ಹೆಂಗಸರು ರಿಂಗ್‌ಗಿಳಿದು ಕುಸ್ತಿ ಆಡುತ್ತಾರಲ್ಲ, ಅವರು ನಿಜವಾಗಿ ಕುಸ್ತಿ ಕಲಿತವರಾ ಅಥವಾ ಸುಮ್ನೆ ನಟಿಯರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಥರದವರಿದ್ದಾರೆ. 1951ರ ‘ರ‍್ಯಾಕೆಟ್ ಗರ್ಲ್ಸ್’ ನೋಡಿ. ಟೆನಿಸ್ ರ‍್ಯಾಕೆಟ್ ಅಲ್ಲ ಮತ್ತೆ, ಇದು ದಂಧೆಯ ರ‍್ಯಾಕೆಟ್! ಒಬ್ಬ ಖದೀಮ ಹೆಂಗಸರ ಕುಸ್ತಿಯನ್ನು ಮುಂದಿಟ್ಟುಕೊಂಡು ಹಿಂದೆ ಜೂಜು ನಡೆಸುತ್ತಾನೆ, ಕಥೆ ಅಷ್ಟೇ. ಸಿನಿಮಾ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಕಥೆಯನ್ನು ಅಲ್ಲಲ್ಲೇ ಬಿಟ್ಟು ತಾಲೀಮು, ಪಂದ್ಯ ಅಂತ ತೋರಿಸುತ್ತಾ ಹೋಗುತ್ತಾರಲ್ಲ, ಆ ಭಾಗಕ್ಕೆ ಬೆಲೆಯಿದೆ. ಯಾಕೆಂದರೆ ಅದರಲ್ಲಿ ಕ್ಲಾರಾ ಮಾರ್ಟೆನ್ಸನ್, ರೀಟಾ ಮಾರ್ಟಿನೆಜ್ ಅನ್ನುವ ಅಸಲಿ ಕುಸ್ತಿಯವರು ತಮ್ಮ ಹೆಸರಲ್ಲೇ ಬರುತ್ತಾರೆ.

ಈ ಕ್ಲಾರಾಳನ್ನು 1937ರಲ್ಲಿ ಸೋಲಿಸಿ ಚಾಂಪಿಯನ್ ಆದವಳು ಮಿಲ್ಡ್ರೆಡ್ ಬರ್ಕ್. ಆಮೇಲೆ ಹದಿನೇಳು ವರ್ಷ ಅವಳದೇ ಕಾರುಬಾರು. 1954ರಲ್ಲಿ ಅಟ್ಲಾಂಟಾದಲ್ಲಿ ಜೂನ್ ಬೈಯರ್ಸ್ ಅನ್ನುವವಳ ಜೊತೆ ಮೂರು ಸುತ್ತಿನ ಪಂದ್ಯ ಆಯಿತು, ಮೊದಲ ಸುತ್ತು ಬರ್ಕ್ ಸೋತಳು, ಎರಡನೆಯದು ಮುಗಿಯುವ ಮೊದಲೇ ಪಂದ್ಯ ನಿಲ್ಲಿಸಿದರು, ಪಟ್ಟ ಬೈಯರ್ಸ್‌ಗೆ ಹೋಯಿತು. ಕುಸ್ತಿಗಳನ್ನು ಏರ್ಪಡಿಸುತ್ತಿದ್ದವನು ಅವಳ ಮಾಜಿ ಗಂಡ ಬಿಲ್ಲಿ ವೂಲ್ಫ್, ಬೈಯರ್ಸ್ ಅವನ ಮಗನ ಹೆಂಡತಿ. ಇನ್ನು ನ್ಯಾಯ ಎಲ್ಲಿಂದ ಬರಬೇಕು ಹೇಳಿ!

ಬರ್ಕ್ ಸಿನಿಮಾ ನಟಿಯರಿಗೆ ಗುರುವೂ ಆದಳು, ಅದೂ ಅರವತ್ತು ದಾಟಿದ ಮೇಲೆ. ರಾಬರ್ಟ್ ಆಲ್ಡ್ರಿಚ್ ಅವರ 1981ರ ‘ಆಲ್ ದ ಮಾರ್ಬಲ್ಸ್’ ಚಿತ್ರದ ನಟಿಯರಾದ ವಿಕ್ಕಿ ಫ್ರೆಡೆರಿಕ್, ಲಾರೀನ್ ಲ್ಯಾಂಡನ್ ಇಬ್ಬರಿಗೂ ಪಟ್ಟು ಹೇಳಿಕೊಟ್ಟವಳು ಅವಳೇ. ಕೊನೆಯ ಪಂದ್ಯ ತಪ್ಪದೇ ನೋಡಿ. ಅದರಲ್ಲೊಂದು ಪಟ್ಟಿದೆ, ಹೆಸರು ಸನ್‌ಸೆಟ್ ಫ್ಲಿಪ್. ಎದುರಾಳಿಯ ತಲೆ ಮೇಲಿಂದ ಲಾಗ ಹಾಕಿ ಹಿಂದಕ್ಕೆ ಇಳಿಯಬೇಕು, ಇಳಿಯುವಾಗಲೇ ಅವಳ ಸೊಂಟ ತಬ್ಬಿ ಎಳೆದು ಭುಜ ನೆಲಕ್ಕೆ ತಾಗಿಸಬೇಕು. ಒಂದು ಕ್ಷಣ ತಡವಾದರೆ ನೀವೇ ಕೆಳಗೆ.

ಪ್ರಶ್ನೆ: ಮೆಕ್ಸಿಕೋದಲ್ಲೂ ಇಂಥ ಸಿನಿಮಾ ಇದ್ದವಂತೆ, ಹೌದಾ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಹೌದು, ಇನ್ನೂ ಮಜವಾದವು! 1963ರಲ್ಲಿ ಶುರುವಾದ ‘ಲುಚಾಡೋರಾ’ ಸರಣಿಯಲ್ಲಿ ಲೊರೆನಾ ವೆಲಾಸ್ಕೆಸ್, ಎಲಿಜಬೆತ್ ಕ್ಯಾಂಪ್‌ಬೆಲ್ ಕುಸ್ತಿಯವರಾಗಿ ಹುಚ್ಚು ಡಾಕ್ಟರ್ ವಿರುದ್ಧ ಹೋರಾಡುತ್ತಾರೆ, ಮುಂದಿನ ವರ್ಷ ಮಮ್ಮಿ ವಿರುದ್ಧ (ಅಮ್ಮ ಅಲ್ಲ, ಕೆಡದಂತೆ ಕಾಪಿಟ್ಟ ಹಳೇ ಕಾಲದ ಹೆಣ). ತಮಾಷೆ ಏನೆಂದರೆ, ಆಗ ಮೆಕ್ಸಿಕೋ ಸಿಟಿಯ ಕುಸ್ತಿ ಕಣಗಳಲ್ಲಿ ಹೆಂಗಸರಿಗೆ ಅವಕಾಶವೇ ಇರಲಿಲ್ಲ. ಆ ನಿಷೇಧ ಹೋಗಿದ್ದು 1986ರಲ್ಲಿ. ಅಲ್ಲಿಯವರೆಗೆ ಊರಿನವರಿಗೆ ಹೆಂಗಸರ ಕುಸ್ತಿ ನೋಡಬೇಕಂದರೆ ಒಂದೋ ಬೇರೆ ಊರಿಗೆ ಬಸ್ಸು ಹತ್ತಬೇಕು, ಇಲ್ಲಾ ಥಿಯೇಟರಿಗೆ ಹೋಗಿ ಮಮ್ಮಿ ಜೊತೆಗಿನ ಕುಸ್ತಿ ನೋಡಬೇಕು.